ಆಫೀಸಿನ ಝೆರಾಕ್ಸ್ ಮಷೀನ್‌ಗೆ ಕೋಡ್ ಹಾಕಿ ಲೆಕ್ಕ ಇಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್, ಪ್ರಿಂಟರ್, ಝೆರಾಕ್ಸ್ ಮಷೀನ್ ಎಲ್ಲದರ ಉಸ್ತುವಾರಿ ನನ್ನದು. 26 ಜನ, ಐದು ವಿಭಾಗ, ಎಲ್ಲರಿಗೂ ಸೇರಿ ಒಂದೇ ಮಷೀನ್. ತಿಂಗಳ ಬಿಲ್ಲು ಬಂದಾಗಲೆಲ್ಲ “ಇಷ್ಟೊಂದು ಯಾರು ಹೊಡೆದಿದ್ದು?” ಅನ್ನುವ ಮಾತು ಏಳುತ್ತಿತ್ತು. ಕೋಡ್ ಹಾಕಿದ ಮೇಲೆ ಆ ಮಾತು ನಿಂತಿದೆ. ಅಕ್ಕಪಕ್ಕದ ಆಫೀಸಿನವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಮ್ಮದು ಕ್ಯಾನನ್ ಮಷೀನ್. ಹಾಗಾಗಿ ಅದರ ವಿಷಯ ಜಾಸ್ತಿ. ಬೇರೆ ಕಂಪನಿಯ ಮಷೀನ್ ಇರುವವರಿಗೆ ಬೇಕಾದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಯೂಸರ್ ಅಕೌಂಟ್ ಅಂದರೆ ಇಲ್ಲಿ ಏನು?

ಒಂದು ನಂಬರ್, ಅದನ್ನೇ ನಾವು ಕೋಡ್ ಅನ್ನುವುದು. ಬೇಕಿದ್ದರೆ ಜೊತೆಗೊಂದು ಪಿನ್. ಅಷ್ಟೇ. ಮಷೀನ್ ಮುಂದೆ ನಿಂತು ಆ ನಂಬರ್ ಒತ್ತಿದರೆ ಮಾತ್ರ ಕಾಪಿ ತೆಗೆಯಲು ಬಿಡುತ್ತದೆ. ಆಮೇಲೆ ಹೊರಬರುವ ಪ್ರತಿಯೊಂದು ಕಾಪಿಯೂ ಆ ನಂಬರಿನ ಲೆಕ್ಕಕ್ಕೆ ಬೀಳುತ್ತದೆ. ದಿನಸಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದೊಂದು ಮನೆಗೂ ಒಂದೊಂದು ಪುಟ ಇರುತ್ತದಲ್ಲ, ಹಾಗೆ. ಇಲ್ಲಿ ಮಷೀನೇ ಬರೆದಿಟ್ಟುಕೊಳ್ಳುತ್ತದೆ.

ಇದಕ್ಕೆ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ನೆಲದ ಮೇಲೆ ನಿಲ್ಲುವ ದೊಡ್ಡ ಮಷೀನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಈ ಸೌಲಭ್ಯ ಬಂದೇ ಇರುತ್ತದೆ. ಆನ್ ಮಾಡಿರುವುದಿಲ್ಲ, ಅಷ್ಟೇ.

ಮಷೀನ್‌ನಲ್ಲಿ ಮೊದಲೇ ಮೀಟರ್ ಇದೆಯಲ್ಲ, ಮತ್ತೆ ಇದು ಯಾಕೆ?

ಮೀಟರ್ ಒಟ್ಟು ಎಷ್ಟು ಅಂತ ಹೇಳುತ್ತದೆ, ಯಾರದ್ದು ಎಷ್ಟು ಅಂತ ಹೇಳುವುದಿಲ್ಲ. ಅದು ಇರುವುದು ಮಷೀನ್ ಬಾಡಿಗೆಗೆ ಕೊಟ್ಟವರಿಗಾಗಿ.

ಈ ಮೀಟರ್ ಕಾಪಿಯರ್‌ನಷ್ಟೇ ಹಳೆಯದು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಮೊದಲ ಬಾರಿ ಒಣ ಪುಡಿಯಿಂದ ಅಕ್ಷರ ಮೂಡಿಸಿದ್ದು 1938ರ ಅಕ್ಟೋಬರ್ 22ರಂದು. ಅದು ಆಫೀಸಿನ ಮಷೀನ್ ಆಗಿ ಬರಲು 21 ವರ್ಷ ಹಿಡಿಯಿತು. 1959ರಲ್ಲಿ ಬಂದ ಝೆರಾಕ್ಸ್ 914 ತುಂಬ ದುಬಾರಿ ಮಷೀನ್, ಕೊಂಡುಕೊಳ್ಳುವವರು ಕಡಿಮೆ. ಹಾಗಾಗಿ ಕಂಪನಿಯವರು ತಿಂಗಳಿಗೆ 95 ಡಾಲರ್‌ಗೆ ಬಾಡಿಗೆಗೆ ಕೊಟ್ಟರು. ಮೊದಲ 2,000 ಕಾಪಿ ಬಾಡಿಗೆಯಲ್ಲೇ ಸೇರಿತ್ತು, ಅದರ ಮೇಲಿನ ಒಂದೊಂದು ಕಾಪಿಗೂ ದುಡ್ಡು. ಇವತ್ತು ನಮ್ಮ ಆಫೀಸಿಗೆ ಬರುವ ಬಿಲ್ಲೂ ಇದೇ ಧಾಟಿಯದು. ಮಷೀನ್ ಕೊಟ್ಟವರು ಅಷ್ಟು ಚೊಕ್ಕವಾಗಿ ಎಣಿಸುವಾಗ ದುಡ್ಡು ಕಟ್ಟುವ ನಾವೂ ಎಣಿಸಬೇಕಲ್ವಾ?

ಮೆನುವಿನಲ್ಲಿ ಇದನ್ನು ಏನಂತ ಹುಡುಕಬೇಕು?

ಗೊಂದಲ ಶುರುವಾಗುವುದೇ ಇಲ್ಲಿಂದ. ಕೆಲಸ ಒಂದೇ, ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಕ್ಯಾನನ್‌ನಲ್ಲಿ ‘ಡಿಪಾರ್ಟ್‌ಮೆಂಟ್ ಐಡಿ ಮ್ಯಾನೇಜ್‌ಮೆಂಟ್’. ರಿಕೋದಲ್ಲಿ ‘ಯೂಸರ್ ಕೋಡ್ ಅಥೆಂಟಿಕೇಶನ್’, ಕೋಡನ್ನು ಸೇರಿಸುವುದು ಅಡ್ರೆಸ್ ಬುಕ್‌ನಲ್ಲಿ. ಕ್ಯೋಸೆರಾದಲ್ಲಿ ‘ಜಾಬ್ ಅಕೌಂಟಿಂಗ್’. ಕೋನಿಕಾ ಮಿನೋಲ್ಟಾದಲ್ಲಿ ‘ಅಕೌಂಟ್ ಟ್ರ್ಯಾಕ್’. ಝೆರಾಕ್ಸ್ ಕಂಪನಿಯದ್ದರಲ್ಲಿ ‘ಸ್ಟ್ಯಾಂಡರ್ಡ್ ಅಕೌಂಟಿಂಗ್’, ಹಳೆಯ ಮಷೀನ್‌ಗಳಲ್ಲಿ ‘ಆಡಿಟ್ರಾನ್’. ತೊಷಿಬಾದಲ್ಲಿ ‘ಡಿಪಾರ್ಟ್‌ಮೆಂಟ್ ಕೋಡ್’.

ಸರ್ವಿಸ್‌ಗೆ ಫೋನ್ ಮಾಡುವಾಗ ಈ ಹೆಸರನ್ನೇ ಹೇಳಿ. “ಪಾಸ್‌ವರ್ಡ್ ಹಾಕಿಕೊಡಿ” ಅಂದರೆ ಸುಮ್ನೆ ಸ್ಕ್ರೀನ್ ಲಾಕ್ ಮಾಡಿ ಹೋಗುತ್ತಾರೆ.

ಒಬ್ಬೊಬ್ಬರಿಗೂ ಕೋಡ್ ಕೊಡಬೇಕಾ, ವಿಭಾಗಕ್ಕೊಂದು ಸಾಕಾ?

ವಿಭಾಗಕ್ಕೊಂದು ಕೊಡಿ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ.

ಮೊದಲು ನಾವೂ 26 ಜನಕ್ಕೆ 26 ಕೋಡ್ ಮಾಡಬೇಕು ಅಂತಲೇ ಹೊರಟಿದ್ದೆವು. ಆದರೆ ಖರ್ಚು ಯಾರಿಗೆ ಬೀಳುತ್ತದೆ? ವಿಭಾಗಕ್ಕೆ. ತೀರ್ಮಾನ ತೆಗೆದುಕೊಳ್ಳುವವರು ಯಾರು? ವಿಭಾಗದ ಮುಖ್ಯಸ್ಥರು. ಹಾಗಿರುವಾಗ ಒಬ್ಬ ಗುಮಾಸ್ತರು 212 ಕಾಪಿ ತೆಗೆದರು, ಇನ್ನೊಬ್ಬರು 340 ತೆಗೆದರು ಅನ್ನುವ ಪಟ್ಟಿಯಿಂದ ಮನಸ್ತಾಪ ಬಿಟ್ಟು ಬೇರೇನೂ ಹುಟ್ಟುವುದಿಲ್ಲ. 340 ತೆಗೆದವರು ಬರೀ ತಮ್ಮ ಮೇಲಿನವರು ಹೇಳಿದ್ದನ್ನು ಪ್ರಿಂಟ್ ಮಾಡಿರುತ್ತಾರೆ.

ನಮ್ಮಲ್ಲೇ ನೋಡಿ. ಡಿಸ್ಪ್ಯಾಚ್ ವಿಭಾಗದ ಲೆಕ್ಕ ಯಾವಾಗಲೂ ಜಾಸ್ತಿ. ಸರಕು ಕಳಿಸುವಾಗ ಇನ್‌ವಾಯ್ಸ್ ಮೂರು ಪ್ರತಿ ಬೇಕು: ಒಂದು ಕೊಳ್ಳುವವರಿಗೆ, ಒಂದು ಲಾರಿಯವರಿಗೆ, ಒಂದು ನಮ್ಮ ಫೈಲಿಗೆ. ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಾರದ ಆಫೀಸುಗಳಿಗೆ ಇದು ಜಿಎಸ್‌ಟಿ ನಿಯಮ. ಅಲ್ಲಿ ಕೂತಿರುವ ಹುಡುಗನ ಹೆಸರಿನ ಮುಂದೆ ದೊಡ್ಡ ಸಂಖ್ಯೆ ಹಾಕಿ ಬೋರ್ಡಿಗೆ ಅಂಟಿಸಿದರೆ ಅವನಿಗೆ ಎಷ್ಟು ಬೇಜಾರಾಗಬೇಡ? ಅವನು ತನ್ನ ಕೆಲಸ ಮಾಡುತ್ತಿದ್ದಾನೆ, ಅಷ್ಟೇ.

ವಕೀಲರ ಆಫೀಸು, ಸಿಎ ಆಫೀಸಿನವರ ಲೆಕ್ಕ ಬೇರೆ. ಅವರು ಕಾಪಿಯ ಖರ್ಚನ್ನು ಕಕ್ಷಿದಾರರ ಬಿಲ್ಲಿಗೆ ಸೇರಿಸಬೇಕಾಗುತ್ತದೆ. ಅಲ್ಲಿ ಕೇಸಿಗೊಂದು, ಕ್ಲೈಂಟಿಗೊಂದು ಕೋಡ್ ಮಾಡಿಕೊಳ್ಳುವುದು ಸರಿ.

ಎಲ್ಲರ ಪರವಾಗಿ ಅಟೆಂಡರ್ ಒಬ್ಬರೇ ಝೆರಾಕ್ಸ್ ಮಾಡುತ್ತಾರೆ. ಅವರಿಗೆ ಯಾವ ಕೋಡ್?

ನಮ್ಮ ಕಡೆಯ ಆಫೀಸುಗಳ ನಿಜವಾದ ಪ್ರಶ್ನೆ ಇದು. ಮಷೀನ್ ಜೊತೆ ಬರುವ ಪುಸ್ತಕದಲ್ಲಿ ಇದಕ್ಕೆ ಉತ್ತರ ಇಲ್ಲ. ಅಲ್ಲಿ ಪ್ರತಿಯೊಬ್ಬರೂ ತಾವೇ ಎದ್ದು ಹೋಗಿ ಕಾಪಿ ತೆಗೆಯುತ್ತಾರೆ ಅಂದುಕೊಂಡೇ ಬರೆದಿರುತ್ತಾರೆ.

ಕೋಡ್ ಹಾಕಿದ ಮೊದಲ ದಿನ ಬೆಳಿಗ್ಗೆ ನಮ್ಮ ಅಟೆಂಡರ್ ಕೈಯಲ್ಲಿ ನಾಲ್ಕು ಕಟ್ಟು ಕಾಗದ ಇತ್ತು. ಕ್ವಾಲಿಟಿಯವರ ಟೆಸ್ಟ್ ರಿಪೋರ್ಟು, ಅಕೌಂಟ್ಸ್‌ನವರ ವೋಚರ್, ಸೇಲ್ಸ್‌ನವರ ಕೊಟೇಶನ್, ಜೊತೆಗೆ ಸಾಹೇಬರ ರೂಮಿನಿಂದ ಒಂದು ಪತ್ರ. ಸ್ಕ್ರೀನ್ ನಂಬರ್ ಕೇಳುತ್ತಾ ನಿಂತಿತ್ತು. ಅವರು ನನ್ನ ಕಡೆ ತಿರುಗಿ, “ಇದನ್ನೆಲ್ಲ ಯಾರ ಲೆಕ್ಕಕ್ಕೆ ಬರೆಯೋದು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 22 ವರ್ಷದಿಂದ ಆ ಕೆಲಸ ಮಾಡುತ್ತಿರುವವರನ್ನು ಒಂದು ಮಾತು ಕೇಳದೆ ವ್ಯವಸ್ಥೆ ಮಾಡಿದ್ದು ತಪ್ಪು ಅಂತ ಆಗ ಗೊತ್ತಾಯಿತು.

ಆಮೇಲೆ ದಾರಿ ತೋರಿಸಿದ್ದೂ ಅವರೇ. ಕಾಗದ ಕೊಡುವವರು ಮೇಲಿನ ಬಲಮೂಲೆಯಲ್ಲಿ ಪೆನ್ಸಿಲ್‌ನಿಂದ ತಮ್ಮ ವಿಭಾಗದ ನಂಬರ್ ಮತ್ತು ಎಷ್ಟು ಪ್ರತಿ ಬೇಕು ಅಂತ ಬರೆದೇ ಕೊಡಬೇಕು. ‘30, 2 ಪ್ರತಿ’ ಅಂತ ಇದ್ದರೆ ಸಾಕು. ಮೂಲ ಪ್ರತಿಯ ಮೇಲೆ ಬರೆಯುವಂತಿಲ್ಲ ಅಂದರೆ ಚೀಟಿ ಹಚ್ಚಿ ಕೊಡುವುದು. ನಂಬರ್ ಇಲ್ಲದ ಕಾಗದ ತಂದರೆ ಅವರು ವಾಪಸ್ ಕೊಡುತ್ತಾರೆ, ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ಒಂದೇ ವಾರದಲ್ಲಿ ಎಲ್ಲರಿಗೂ ರೂಢಿಯಾಯಿತು.

ಕೋಡ್ ನಂಬರ್ ಹೇಗಿರಬೇಕು?

ಚಿಕ್ಕದಾಗಿರಲಿ, ನೆನಪಿರುವಂತಿರಲಿ. ನಮ್ಮಲ್ಲಿ ಅಕೌಂಟ್ಸ್ 10, ಸೇಲ್ಸ್ 20, ಕ್ವಾಲಿಟಿ 30, ಡ್ರಾಯಿಂಗ್ 40, ಡಿಸ್ಪ್ಯಾಚ್ 50. ನಡುವೆ ಜಾಗ ಬಿಟ್ಟಿದ್ದು ಬೇಕಂತಲೇ. ಮುಂದೆ ಸೇಲ್ಸ್ ಎರಡು ಭಾಗವಾದರೆ 21 ಸೇರಿಸಬಹುದು.

ಕ್ಯಾನನ್‌ನಲ್ಲಿ ಐಡಿಯೂ (ಅಂದರೆ ಕೋಡ್ ನಂಬರ್) ಪಿನ್ನೂ 7 ಅಂಕಿಯವರೆಗೆ ಇರಬಹುದು, ಅಂಕಿ ಮಾತ್ರ. ಕಡಿಮೆ ಅಂಕಿ ಕೊಟ್ಟರೆ ಮುಂದೆ ಸೊನ್ನೆ ತುಂಬಿಕೊಳ್ಳುತ್ತದೆ. ಅಂದರೆ 2, 02, 002 ಮೂರೂ ಅದರ ಲೆಕ್ಕದಲ್ಲಿ ಒಂದೇ. ಒಬ್ಬರಿಗೆ 5, ಇನ್ನೊಬ್ಬರಿಗೆ 005 ಕೊಡಲು ಹೋಗಬೇಡಿ. ರಿಕೋ, ಕ್ಯೋಸೆರಾಗಳಲ್ಲಿ 8 ಅಂಕಿಯವರೆಗೆ ಹೋಗಬಹುದು.

ವಿಭಾಗದ ಕೋಡಿಗೆ ಪಿನ್ ಬೇಕಾ? ಒಂದೇ ಆಫೀಸಿನೊಳಗೆ, ಒಬ್ಬರನ್ನೊಬ್ಬರು ಬಲ್ಲವರ ನಡುವೆ ಬೇಡ. ಹೊರಗಿನವರು ಓಡಾಡುವ ಜಾಗದಲ್ಲಿ ಮಷೀನ್ ಇದ್ದರೆ ಹಾಕಿ. ಮೊಬೈಲ್ ನಂಬರ್, ಹುಟ್ಟಿದ ದಿನ, ಎಂಪ್ಲಾಯಿ ನಂಬರ್ ಇವನ್ನು ಮಾತ್ರ ಕೋಡ್ ಮಾಡಬೇಡಿ. ಅವು ಎಲ್ಲರಿಗೂ ಗೊತ್ತಿರುತ್ತವೆ.

ಕ್ಯಾನನ್‌ನಲ್ಲಿ ಸೆಟ್ ಮಾಡುವುದು ಹೇಗೆ? ಯಾವುದು ಮೊದಲು, ಯಾವುದು ಆಮೇಲೆ?

ಮಷೀನ್ ಸ್ಕ್ರೀನ್‌ನಲ್ಲೇ ಮಾಡಬಹುದು. ಆದರೆ ಕಂಪ್ಯೂಟರಿನ ಬ್ರೌಸರ್‌ನಿಂದ ಮಾಡುವುದು ಸುಲಭ. ಮಷೀನ್‌ನ ಐಪಿ ವಿಳಾಸವನ್ನು (ಆಫೀಸಿನ ನೆಟ್‌ವರ್ಕ್‌ನಲ್ಲಿ ಅದಕ್ಕಿರುವ ನಂಬರ್) ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ‘ರಿಮೋಟ್ ಯುಐ’ ಅನ್ನುವ ಪುಟ ತೆರೆಯುತ್ತದೆ. ಅಡ್ಮಿನ್ ಆಗಿ ಒಳಗೆ ಹೋಗಿ. ಸೆಟ್ಟಿಂಗ್ಸ್, ಅದರೊಳಗೆ ಯೂಸರ್ ಮ್ಯಾನೇಜ್‌ಮೆಂಟ್, ಅದರೊಳಗೆ ಡಿಪಾರ್ಟ್‌ಮೆಂಟ್ ಐಡಿ ಮ್ಯಾನೇಜ್‌ಮೆಂಟ್. ಮಾಡೆಲ್‌ಗೆ ತಕ್ಕ ಹಾಗೆ ಒಂದೆರಡು ಹೆಜ್ಜೆ ಆಚೀಚೆ ಆಗಬಹುದು.

ಹಲವು ಕ್ಯಾನನ್ ಮಾಡೆಲ್‌ಗಳಲ್ಲಿ ಸಿಸ್ಟಮ್ ಮ್ಯಾನೇಜರ್ (ಅಂದರೆ ಅಡ್ಮಿನ್) ಐಡಿ, ಪಿನ್ ಎರಡೂ 7654321 ಅಂತಲೇ ಬಂದಿರುತ್ತವೆ. ಇದು ಮ್ಯಾನ್ಯುಯಲ್‌ನಲ್ಲೇ ಅಚ್ಚಾಗಿದೆ. ಬೇರೆ ಏನು ಮಾಡುವುದಕ್ಕೂ ಮೊದಲು ಅದನ್ನು ಬದಲಾಯಿಸಿ, ಬರೆದು, ಬೀಗ ಇರುವ ಡ್ರಾಯರ್‌ನಲ್ಲಿಡಿ.

ಆಮೇಲೆ ಒಂದೊಂದೇ ವಿಭಾಗದ ಐಡಿ ಸೇರಿಸಿ. ಎಲ್ಲ ಸೇರಿಸಿದ ಮೇಲೆ ಆನ್ ಮಾಡಿ. ಅದೇ ಪುಟದಲ್ಲಿ ‘ಗೊತ್ತಿಲ್ಲದ ಐಡಿಯ ಪ್ರಿಂಟ್ ಜಾಬ್‌ಗಳಿಗೆ ಅವಕಾಶ ಕೊಡಬೇಕೇ’ ಎಂಬರ್ಥದ ಒಂದು ಟಿಕ್ ಗುರುತು ಇರುತ್ತದೆ. ಅದನ್ನು ಮೊದಲ ವಾರ ಹಾಗೇ ಬಿಟ್ಟಿರಿ. ಆ ವಾರದಲ್ಲಿ ಎಲ್ಲ ಕಂಪ್ಯೂಟರ್‌ಗಳಿಗೂ ಕೋಡ್ ಹಾಕಿ ಮುಗಿಸಿ. ಯಾವ ಕಂಪ್ಯೂಟರೂ ಉಳಿದಿಲ್ಲ ಅಂತ ಖಚಿತವಾದ ಮೇಲೆ ಟಿಕ್ ತೆಗೆಯಿರಿ. ಈ ಒಂದು ವಾರ ಯಾಕೆ ಬೇಕು ಅನ್ನುವುದು ಮುಂದಿನ ಉತ್ತರದಲ್ಲಿದೆ.

ಕೋಡ್ ಹಾಕಿದ ಮೇಲೆ ಕಂಪ್ಯೂಟರ್‌ನಿಂದ ಪ್ರಿಂಟ್ ಬರುತ್ತಿಲ್ಲ. ಯಾಕೆ?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ನಮ್ಮ ಆಫೀಸಿನಲ್ಲೂ ಇದೇ ಆಯಿತು. ಅವತ್ತು ಸಂಜೆ ನಾಲ್ಕೂವರೆಗೆ ಗೇಟಿನ ಹತ್ತಿರ ಲಾರಿ ನಿಂತಿತ್ತು. ಲೋಡ್ ಆಗಿ, ಟಾರ್ಪಾಲ್ ಕಟ್ಟಿ ಮುಗಿದಿತ್ತು. ಇನ್‌ವಾಯ್ಸ್ ಪ್ರಿಂಟ್ ಒಂದು ಬಂದಿದ್ದರೆ ಹೊರಡಬೇಕು. ಡಿಸ್ಪ್ಯಾಚ್ ಹುಡುಗ ಪ್ರಿಂಟ್ ಕೊಟ್ಟ, ಮಷೀನ್ ಒಂದು ಸಲ ಗುರ್ ಅಂದು ಸುಮ್ಮನಾಯಿತು. ಮತ್ತೆ ಕೊಟ್ಟ, ಮತ್ತೆ ಅದೇ. ಕಂಪ್ಯೂಟರ್‌ನಲ್ಲಿ ಯಾವ ಎರರ್ ಕೂಡ ಇಲ್ಲ, ಪ್ರಿಂಟ್ ಹೋಗಿದೆ ಅಂತಲೇ ತೋರಿಸುತ್ತಿದೆ. ಏಳು ಸಲ ಕೊಟ್ಟಿದ್ದ. ಡ್ರೈವರ್ ಬಂದು ಬಾಗಿಲಲ್ಲಿ ನಿಂತು, “ಸರ್, ಊರು ದಾಟೋಕೆ ಲೇಟಾಗುತ್ತೆ” ಅಂದರು.

ಆಗಿದ್ದು ಇಷ್ಟು. ಸೆಟ್ಟಿಂಗ್ ಮಾಡಲು ಬಂದ ಸರ್ವಿಸ್‌ನವರು ಕೋಡ್ ಆನ್ ಮಾಡಿ, ಗೊತ್ತಿಲ್ಲದ ಐಡಿಯ ಜಾಬ್‌ಗಳನ್ನು ಅದೇ ದಿನ ನಿಲ್ಲಿಸಿ ಹೋಗಿದ್ದರು. ಕಂಪ್ಯೂಟರ್‌ಗಳಿಗೆ ಕೋಡ್ ಹಾಕಿರಲಿಲ್ಲ. ಕೋಡ್ ಇಲ್ಲದೆ ಬಂದ ಪ್ರಿಂಟನ್ನು ಮಷೀನ್ ತೆಗೆದುಕೊಂಡು, ಸದ್ದಿಲ್ಲದೆ ಅಳಿಸಿಹಾಕುತ್ತಿತ್ತು. ಮಷೀನ್‌ನ ಸ್ಟೇಟಸ್ ಬಟನ್ ಒತ್ತಿ ಜಾಬ್ ಲಾಗ್ (ಬಂದ ಕೆಲಸಗಳ ಪಟ್ಟಿ) ನೋಡಿದರೆ ಏಳಕ್ಕೆ ಏಳೂ ‘ಎನ್‌ಜಿ’, ಅಂದರೆ ಕೆಲಸ ಆಗಿಲ್ಲ ಅಂತ ಬಿದ್ದಿದ್ದವು. ಪ್ರಿಂಟ್ ಮಾಯವಾದರೆ ನೀವೂ ಮೊದಲು ಅಲ್ಲೇ ನೋಡಿ.

ವಿಂಡೋಸ್‌ನಲ್ಲಿ ಸರಿಮಾಡುವುದು ಹೀಗೆ. ಪ್ರಿಂಟರ್ಸ್ ಪಟ್ಟಿಯಲ್ಲಿ ನಿಮ್ಮ ಮಷೀನ್ ಆರಿಸಿ ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆಯಿರಿ. ‘ಪ್ರಿಂಟಿಂಗ್ ಪ್ರಿಫರೆನ್ಸಸ್’ ಅಲ್ಲ, ಅಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದರೊಳಗೆ ‘ಡಿವೈಸ್ ಸೆಟ್ಟಿಂಗ್ಸ್’ ಟ್ಯಾಬ್. ಅಲ್ಲಿ ಡಿಪಾರ್ಟ್‌ಮೆಂಟ್ ಐಡಿ ಬಳಸುವ ಆಯ್ಕೆಯನ್ನು ಆನ್ ಮಾಡಿ, ಪಕ್ಕದ ಸೆಟ್ಟಿಂಗ್ಸ್ ಬಟನ್ ಒತ್ತಿ ಆ ವಿಭಾಗದ ನಂಬರ್ ತುಂಬಿ. ಇದಕ್ಕೆ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಬೇಕಾಗುತ್ತದೆ. ‘ಪ್ರತಿ ಸಲ ಪ್ರಿಂಟ್ ಮಾಡುವಾಗ ಐಡಿ ಕೇಳು’ ಅನ್ನುವ ಆಯ್ಕೆಯೂ ಇದೆ. ಎರಡು ವಿಭಾಗದವರು ಹಂಚಿಕೊಳ್ಳುವ ಕಂಪ್ಯೂಟರ್‌ನಲ್ಲಿ ಮಾತ್ರ ಅದನ್ನು ಹಾಕಿ. ಉಳಿದ ಕಡೆ ಬೇಡ, ಎರಡೇ ದಿನಕ್ಕೆ ಜನ ರೋಸಿಹೋಗುತ್ತಾರೆ.

ಮ್ಯಾಕ್‌ನಲ್ಲಿ ಕ್ಯಾನನ್ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಹಾಕಿದ್ದರೆ ಪ್ರಿಂಟ್ ವಿಂಡೋದೊಳಗೆ ‘ಜಾಬ್ ಅಕೌಂಟಿಂಗ್’ ಅಂತ ಹುಡುಕಿ.

ಮೊಬೈಲ್‌ನಿಂದ ಪ್ರಿಂಟ್ ಕೊಟ್ಟರೆ?

ಐಫೋನ್‌ಗಳಲ್ಲಿರುವ ಏರ್‌ಪ್ರಿಂಟ್‌ನಂಥ ದಾರಿಯಲ್ಲಿ ಬರುವ ಪ್ರಿಂಟ್‌ಗೆ ಸಾಮಾನ್ಯವಾಗಿ ಕೋಡ್ ಅಂಟಿಕೊಂಡಿರುವುದಿಲ್ಲ. ಹಾಗಾಗಿ ಅದೂ ಗೊತ್ತಿಲ್ಲದ ಐಡಿಯ ಗುಂಪಿಗೆ ಸೇರುತ್ತದೆ. ಕ್ಯಾನನ್‌ನವರ ‘ಕ್ಯಾನನ್ ಪ್ರಿಂಟ್ ಬಿಸಿನೆಸ್’ ಆ್ಯಪ್‌ನಲ್ಲಿ ಐಡಿ ತುಂಬಲು ಜಾಗ ಇದೆ. ನಾವು ಮೊಬೈಲ್ ಪ್ರಿಂಟನ್ನು ಪೂರ್ತಿ ನಿಲ್ಲಿಸಿ, ಪೆನ್‌ಡ್ರೈವ್ ಅಥವಾ ಇಮೇಲ್ ಮೂಲಕ ಕಂಪ್ಯೂಟರ್‌ಗೆ ತಂದುಕೊಳ್ಳಿ ಅಂದಿದ್ದೇವೆ.

ಎರಡೂ ಬದಿ ಪ್ರಿಂಟ್ ಮಾಡಿದರೆ ಒಂದು ಕಾಪಿ ತಾನೆ?

ಅಲ್ಲ. ಹಾಳೆ ಒಂದು, ಕಾಪಿ ಎರಡು. ಮೀಟರ್ ಎಣಿಸುವುದು ಹಾಳೆಯನ್ನಲ್ಲ, ಅಚ್ಚಾದ ಬದಿಯನ್ನು. ಎರಡೂ ಬದಿ ಪ್ರಿಂಟ್ ಮಾಡಿದರೆ ಕಾಗದ ಉಳಿಯುತ್ತದೆ, ಕಾಪಿ ಚಾರ್ಜ್ ಉಳಿಯುವುದಿಲ್ಲ. ಕಾಗದ ಉಳಿಸುವುದೂ ದೊಡ್ಡ ಉಳಿತಾಯವೇ, ಅದನ್ನು ಬಿಡಬೇಡಿ.

ಎ3 ಹಾಳೆಯ ಕಥೆ ಇನ್ನೂ ಸೂಕ್ಷ್ಮ. ನಮ್ಮ ಡ್ರಾಯಿಂಗ್ ವಿಭಾಗದ್ದೆಲ್ಲ ಎ3. ಕ್ಯಾನನ್‌ನ ಒಳಗೆ ಹಲವು ಕೌಂಟರ್‌ಗಳಿವೆ. 101 ಅನ್ನುವ ಕೌಂಟರ್ ಎಲ್ಲ ಅಳತೆಯನ್ನೂ ಒಂದೊಂದಾಗಿ ಎಣಿಸುತ್ತದೆ. 102 ಅನ್ನುವುದು ದೊಡ್ಡ ಹಾಳೆಯನ್ನು ಎರಡಾಗಿ ಎಣಿಸುತ್ತದೆ. ನಿಮ್ಮ ಬಿಲ್ಲು ಯಾವ ನಂಬರಿನ ಕೌಂಟರ್ ಮೇಲೆ ಬರುತ್ತಿದೆ ಅಂತ ಬಾಡಿಗೆಯವರನ್ನು ಕೇಳಿ, ಕರಾರಿನಲ್ಲೂ ಬರೆಸಿಕೊಳ್ಳಿ. ಅದು ಗೊತ್ತಿಲ್ಲದೆ ವಿಭಾಗದ ಲೆಕ್ಕ ಮತ್ತು ಬಿಲ್ಲನ್ನು ಹೊಂದಿಸಲು ಕೂತರೆ ತಲೆ ಕೆಡುತ್ತದೆ.

ಕಲರ್ ಪ್ರಿಂಟ್ ಯಾರೂ ಮಾಡಿಲ್ಲ ಅನ್ನುತ್ತಾರೆ, ಆದರೂ ಕಲರ್ ಲೆಕ್ಕ ಏರುತ್ತಿದೆ. ಹೇಗೆ?

ಅವರು ಹೇಳುತ್ತಿರುವುದು ನಿಜವೇ ಇರಬಹುದು. ಒಂದು ಇಮೇಲನ್ನು ಪ್ರಿಂಟ್ ಮಾಡಿ ನೋಡಿ. ಪುಟದ ತುಂಬ ಕಪ್ಪಕ್ಷರ, ಕೊನೆಯಲ್ಲಿ ಎಲ್ಲೋ ನೀಲಿ ಬಣ್ಣದ ಒಂದು ಲಿಂಕ್. ಮಷೀನ್ ‘ಆಟೋ ಕಲರ್’ನಲ್ಲಿ ಇದ್ದರೆ ಆ ಒಂದು ಸಾಲಿಗಾಗಿ ಇಡೀ ಪುಟ ಕಲರ್ ಅಂತ ಎಣಿಕೆಯಾಗುತ್ತದೆ. ಲೆಟರ್‌ಹೆಡ್‌ನ ಲೋಗೋ, ಎಕ್ಸೆಲ್‌ನಲ್ಲಿ ಹಳದಿ ಬಳಿದ ಒಂದು ಕೋಶ, ಕೆಂಪು ಶಾಯಿಯ ಸಹಿ ಇರುವ ಕಾಗದದ ಝೆರಾಕ್ಸ್, ಎಲ್ಲಕ್ಕೂ ಇದೇ ಗತಿ.

ಪ್ರತಿ ಕಂಪ್ಯೂಟರ್‌ನ ಡ್ರೈವರ್‌ನಲ್ಲೂ, ಮಷೀನ್‌ನ ಕಾಪಿ ಸ್ಕ್ರೀನ್‌ನಲ್ಲೂ ಕಪ್ಪು-ಬಿಳುಪನ್ನೇ ಡಿಫಾಲ್ಟ್ ಮಾಡಿ. ಬಣ್ಣ ಬೇಕಾದವರು ಬೇಕಂತಲೇ ಆರಿಸಿಕೊಳ್ಳಲಿ. ಈ ಇಡೀ ಪುಟದಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯ ಇದೆ ಅಂದರೆ ಇದನ್ನು ಮಾಡಿ.

ತಿಂಗಳ ಕೊನೆಗೆ ಲೆಕ್ಕ ತೆಗೆಯುವುದು ಹೇಗೆ?

ರಿಮೋಟ್ ಯುಐ ಪುಟದಲ್ಲೇ ವಿಭಾಗವಾರು ಸಂಖ್ಯೆ ಕಾಣುತ್ತದೆ. ಹಲವು ಮಾಡೆಲ್‌ಗಳಲ್ಲಿ ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆಯಬಹುದು.

ಲೆಕ್ಕ ತೆಗೆದ ಮೇಲೆ ಸೊನ್ನೆ ಮಾಡುವ ಬಟನ್ ಇದೆ. ನಾನು ಅದನ್ನು ಒತ್ತುವುದಿಲ್ಲ. ಕರೆಂಟ್ ಮೀಟರ್ ಓದುವವರು ಪ್ರತಿ ತಿಂಗಳು ಮೀಟರ್ ಸೊನ್ನೆ ಮಾಡುತ್ತಾರಾ? ಈ ತಿಂಗಳ ರೀಡಿಂಗ್‌ನಿಂದ ಹಿಂದಿನ ತಿಂಗಳದ್ದನ್ನು ಕಳೆಯುತ್ತಾರೆ. ಹಾಗೇ ಮಾಡಿ. ಸೊನ್ನೆ ಮಾಡಿದ ಮೇಲೆ ಯಾರಾದರೂ “ನಮ್ಮದು ಇಷ್ಟಿರಲಿಲ್ಲ” ಅಂದರೆ ತೋರಿಸಲು ಏನೂ ಉಳಿಯುವುದಿಲ್ಲ. ಬಾಡಿಗೆಯವರು ರೀಡಿಂಗ್ ತೆಗೆಯುವ ದಿನವೇ, ಅದೇ ಹೊತ್ತಿಗೆ ನೀವೂ ತೆಗೆಯಿರಿ.

ಬರೀ ಕಾಪಿಗಳ ಸಂಖ್ಯೆ ನೋಡಿ ತೀರ್ಮಾನಕ್ಕೆ ಬರಬೇಡಿ. ಲೆಕ್ಕಕ್ಕೆ, ಕಪ್ಪು-ಬಿಳುಪಿಗೆ 50 ಪೈಸೆ, ಕಲರ್‌ಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ. ಅಕೌಂಟ್ಸ್‌ನವರು 3,200 ಕಪ್ಪು, 40 ಕಲರ್ ತೆಗೆದರೆ 1,600 ಮತ್ತು 200, ಒಟ್ಟು 1,800 ರೂಪಾಯಿ. ಸೇಲ್ಸ್‌ನವರು 900 ಕಪ್ಪು, 310 ಕಲರ್ ತೆಗೆದರೆ 450 ಮತ್ತು 1,550, ಒಟ್ಟು 2,000 ರೂಪಾಯಿ. ಯಾವಾಗಲೂ ಮಷೀನ್ ಮುಂದೆ ನಿಂತಿರುವವರು ಅಕೌಂಟ್ಸ್‌ನವರು, ಬೈಸಿಕೊಳ್ಳುವವರೂ ಅವರೇ. ಖರ್ಚು ಜಾಸ್ತಿ ಆಗಿದ್ದು ಬೇರೆ ಕಡೆ. ಲೆಕ್ಕ ಇಟ್ಟರೆ ಇಂಥ ಅನ್ಯಾಯ ತಪ್ಪುತ್ತದೆ.

ಎಲ್ಲ ವಿಭಾಗ ಕೂಡಿಸಿದರೂ ಮೀಟರ್‌ಗೆ ಸರಿಹೊಂದುವುದಿಲ್ಲ. ಎಲ್ಲಿ ತಪ್ಪಾಗಿದೆ?

ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಬಂದ ಫ್ಯಾಕ್ಸ್ ಪ್ರಿಂಟ್ ಆಗಿರಬಹುದು, ಸರ್ವಿಸ್‌ನವರು ಟೆಸ್ಟ್ ಪುಟ ತೆಗೆದಿರಬಹುದು. ಗೊತ್ತಿಲ್ಲದ ಐಡಿಯ ಟಿಕ್ ಇನ್ನೂ ಇದ್ದರೆ ಆ ಪ್ರಿಂಟ್‌ಗಳೂ ಯಾವ ವಿಭಾಗಕ್ಕೂ ಸೇರುವುದಿಲ್ಲ. ಎ3 ಎಣಿಕೆಯ ವಿಷಯ ಮೇಲೆ ಹೇಳಿದ್ದೇನೆ. ಉಳಿದದ್ದನ್ನು ‘ಕಾಮನ್’ ಅಂತ ಒಂದು ಸಾಲು ಮಾಡಿ ತೋರಿಸಿ. ಆ ಸಾಲು ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಾ ಹೋದರೆ ಮಾತ್ರ ಹುಡುಕಿ.

ವಿಭಾಗಕ್ಕೆ ಇಷ್ಟೇ ಕಾಪಿ ಅಂತ ಮಿತಿ ಹಾಕಬಹುದಾ?

ಹಾಕಬಹುದು. ಕ್ಯಾನನ್‌ನ ದೊಡ್ಡ ಮಾಡೆಲ್‌ಗಳಲ್ಲಿ ಐಡಿಗೊಂದು ಮಿತಿ ಇಡಬಹುದು. ಕ್ಯೋಸೆರಾದಲ್ಲಿ ಮಿತಿ ಮುಟ್ಟಿದ ಕೂಡಲೇ ನಿಲ್ಲಿಸುವುದೋ, ನಡೆಯುತ್ತಿರುವ ಕೆಲಸ ಮುಗಿದ ಮೇಲೆ ನಿಲ್ಲಿಸುವುದೋ, ಬರೀ ಎಚ್ಚರಿಸುವುದೋ ಅಂತ ಆರಿಸಿಕೊಳ್ಳಬಹುದು.

ಆದರೆ ಕಪ್ಪು-ಬಿಳುಪಿಗೆ ಮಿತಿ ಬೇಡ ಅನ್ನುತ್ತೇನೆ. ತಿಂಗಳ 28ನೇ ತಾರೀಕು ಸಂಜೆ ಮಿತಿ ಮುಗಿದು, ಸಂಬಳದ ಪಟ್ಟಿ ಅರ್ಧಕ್ಕೆ ನಿಂತರೆ ಉಳಿದ ದುಡ್ಡಿಗಿಂತ ನಷ್ಟವೇ ದೊಡ್ಡದು. ಕಲರ್‌ಗೆ ಹಾಕುವುದಾದರೆ ಹಾಕಿ.

ಮಕ್ಕಳ ಪ್ರಾಜೆಕ್ಟು, ಆಧಾರ್ ಕಾಪಿ ಅಂತ ಸ್ವಂತದ್ದನ್ನು ತೆಗೆಯುತ್ತಾರೆ. ಏನು ಮಾಡುವುದು?

ತೆಗೆಯಲಿ, ಬಿಡಿ. ನಮ್ಮಲ್ಲಿ 90 ಅಂತ ಒಂದು ಕೋಡ್ ಇದೆ, ಅದರ ಹೆಸರೇ ‘ಸ್ವಂತ’. ಆಧಾರ್, ಮಾರ್ಕ್ಸ್ ಕಾರ್ಡ್, ಸ್ಕೂಲಿನ ಫಾರಂ ಏನಿದ್ದರೂ ಅದರಲ್ಲಿ. ಪಕ್ಕದಲ್ಲಿ ಒಂದು ಡಬ್ಬಿ ಇದೆ, ಕಾಪಿಗೆ ಒಂದು ರೂಪಾಯಿ. ಮೊದಲು ಕದ್ದುಮುಚ್ಚಿ ನಡೆಯುತ್ತಿದ್ದದ್ದು ಈಗ ಎಲ್ಲರ ಎದುರೇ ನಡೆಯುತ್ತದೆ. ರಾತ್ರಿ ಪಾಳಿ ಮುಗಿಸಿ ಹೋಗುವ ಆಪರೇಟರ್ ಒಬ್ಬರು ಮಗಳ ಕಾಲೇಜು ಅರ್ಜಿಗೆ ಝೆರಾಕ್ಸ್ ಬೇಕು ಅಂತ ಸಂಕೋಚಪಟ್ಟುಕೊಂಡು ಕೇಳುವುದು ನೋಡಲು ನನಗೆ ಕಷ್ಟವಾಗುತ್ತಿತ್ತು. ಈಗ ಯಾರೂ ಯಾರನ್ನೂ ಕೇಳಬೇಕಿಲ್ಲ.

ಆಧಾರ್‌ನಂಥ ಕಾಗದ ತೆಗೆದ ಮೇಲೆ ಗಾಜಿನ ಮೇಲೆ ಮೂಲ ಪ್ರತಿ ಮರೆತಿಲ್ಲವೇ ಅಂತ ಒಂದು ಸಲ ಮುಚ್ಚಳ ಎತ್ತಿ ನೋಡಿ.

ಕೋಡ್ ಒತ್ತಿ ಕೆಲಸ ಮುಗಿಸಿ ಹಾಗೇ ಹೋಗಿಬಿಟ್ಟರೆ?

ಮುಂದೆ ಬಂದವರದ್ದೂ ಅದೇ ಲೆಕ್ಕಕ್ಕೆ ಬೀಳುತ್ತದೆ. ಮುಗಿದ ಮೇಲೆ ಲಾಗ್ ಔಟ್ ಬಟನ್ ಒತ್ತುವುದನ್ನು ರೂಢಿ ಮಾಡಿಸಿ. ಜೊತೆಗೆ ‘ಆಟೋ ರೀಸೆಟ್ ಟೈಮ್’ ಅನ್ನುವ ಸೆಟ್ಟಿಂಗ್ ಸಾಮಾನ್ಯವಾಗಿ 2 ನಿಮಿಷಕ್ಕೆ ಇರುತ್ತದೆ, ಅದನ್ನು 30 ಸೆಕೆಂಡ್ ಅಥವಾ 1 ನಿಮಿಷಕ್ಕೆ ಇಳಿಸಿ.

ಸಾಹೇಬರು ಕೋಡ್ ಒತ್ತುವುದಿಲ್ಲ ಅಂತಾರೆ!

ಅವರ ಕಂಪ್ಯೂಟರ್‌ಗೆ ಕೋಡ್ ಹಾಕಿಟ್ಟರೆ ಪ್ರಿಂಟ್‌ಗೆ ಏನೂ ಒತ್ತಬೇಕಿಲ್ಲ. ಕಾಪಿ ಹೇಗೂ ಅಟೆಂಡರ್ ತೆಗೆಯುತ್ತಾರೆ. ಆದರೆ ಅವರಿಗೂ ಒಂದು ಕೋಡ್ ಇರಲೇಬೇಕು, ಅವರ ಸಂಖ್ಯೆಯೂ ಪಟ್ಟಿಯಲ್ಲಿ ಕಾಣಲೇಬೇಕು. ಮೇಲಿನವರನ್ನು ಬಿಟ್ಟು ಉಳಿದವರನ್ನು ಮಾತ್ರ ಎಣಿಸಿದರೆ ಆ ಪಟ್ಟಿಗೆ ಯಾರೂ ಬೆಲೆ ಕೊಡುವುದಿಲ್ಲ.

ಯಾರು ಏನು ಪ್ರಿಂಟ್ ಮಾಡಿದರು ಅನ್ನುವುದೂ ಗೊತ್ತಾಗುತ್ತದಾ?

ವಿಭಾಗದ ಎಣಿಕೆಯಲ್ಲಿ ಬರೀ ಸಂಖ್ಯೆ ಇರುತ್ತದೆ. ಆದರೆ ಮಷೀನ್‌ನ ಜಾಬ್ ಲಾಗ್ ಬೇರೆ. ಕಂಪ್ಯೂಟರ್‌ನಿಂದ ಬಂದ ಪ್ರಿಂಟ್‌ನ ಫೈಲ್ ಹೆಸರು ಅದರಲ್ಲಿ ಕಾಣುತ್ತದೆ. ‘ರಾಜೀನಾಮೆ ಪತ್ರ’ ಅಂತ ಹೆಸರಿಟ್ಟ ಫೈಲನ್ನು ಒಬ್ಬರು ಪ್ರಿಂಟ್ ಕೊಟ್ಟರೆ ಮಷೀನ್ ಮುಂದೆ ನಿಂತವರೆಲ್ಲ ಓದಬಹುದು. ಇದು ಸರಿಯಲ್ಲ. ಕ್ಯಾನನ್‌ನಲ್ಲಿ ಜಾಬ್ ಲಾಗ್ ತೋರಿಸದಂತೆ ಮಾಡುವ ಸೆಟ್ಟಿಂಗ್ ಇದೆ. ಮೊದಲ ತಿಂಗಳ ತೊಂದರೆಗಳು ಮುಗಿದ ಮೇಲೆ ಅದನ್ನು ಮುಚ್ಚಿಡಿ, ಬೇಕಾದಾಗ ಅಡ್ಮಿನ್ ತೆರೆಯಲಿ.

ಶುರು ಮಾಡುವ ಮೊದಲೇ ಎಲ್ಲರಿಗೂ ಹೇಳಿ. ಏನು ಎಣಿಸುತ್ತೇವೆ, ಏನು ನೋಡುವುದಿಲ್ಲ, ಪಟ್ಟಿ ಯಾರ ಕೈಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ಮಷೀನ್ ಮೇಲಿನ ಗೋಡೆಗೆ ಹಚ್ಚಿ. ಹೇಳದೆ ಶುರು ಮಾಡಿದ ಲೆಕ್ಕವನ್ನು ಜನ ನಂಬುವುದಿಲ್ಲ.

ನಮ್ಮದು ಟೇಬಲ್ ಮೇಲಿಡುವ ಸಣ್ಣ ಪ್ರಿಂಟರ್. ಕೋಡ್ ಹಾಕುವ ಸೌಲಭ್ಯ ಇಲ್ಲ.

ಕಂಪ್ಯೂಟರ್‌ನಿಂದ ಹೋಗುವ ಪ್ರಿಂಟ್‌ಗಳನ್ನು ವಿಂಡೋಸ್‌ನಿಂದಲೇ ಬರೆಸಿಕೊಳ್ಳಬಹುದು. ‘ಈವೆಂಟ್ ವ್ಯೂಯರ್’ ತೆರೆಯಿರಿ. ಅಪ್ಲಿಕೇಶನ್ಸ್ ಆ್ಯಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಪ್ರಿಂಟ್‌ಸರ್ವಿಸ್ ಅಂತ ಒಳಗೊಳಗೆ ಹೋಗಿ. ಅಲ್ಲಿ ‘ಆಪರೇಷನಲ್’ ಅನ್ನುವ ಲಾಗ್ ಆಫ್ ಆಗಿರುತ್ತದೆ, ಬಲ ಕ್ಲಿಕ್ ಮಾಡಿ ಆನ್ ಮಾಡಿ. ಆಮೇಲೆ ಪ್ರತಿ ಪ್ರಿಂಟ್‌ಗೂ 307 ನಂಬರಿನ ಒಂದು ದಾಖಲೆ ಬೀಳುತ್ತದೆ. ಯಾವ ಯೂಸರ್, ಯಾವ ಪ್ರಿಂಟರ್, ಎಷ್ಟು ಪುಟ ಅಂತ ಅದರಲ್ಲಿದೆ. ಎಷ್ಟು ಪ್ರತಿ ಅನ್ನುವುದು ಮಾತ್ರ 805 ನಂಬರಿನ ದಾಖಲೆಯಲ್ಲಿ ಇರುತ್ತದೆ, ಎರಡನ್ನೂ ಸೇರಿಸಿ ನೋಡಿ. ಲಾಗ್‌ಗೆ ಕೊಟ್ಟ ಜಾಗ ತುಂಬಿದರೆ ಹಳೆಯದು ಅಳಿಯುತ್ತದೆ, ಹಾಗಾಗಿ ಗಾತ್ರ ಹೆಚ್ಚಿಸಿಕೊಳ್ಳಿ. ಕೈಯಿಂದ ತೆಗೆಯುವ ಝೆರಾಕ್ಸ್‌ಗೆ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್. ಐದಾರು ಜನರ ಆಫೀಸಿಗೆ ಅದು ಧಾರಾಳ ಸಾಕು.

ಪ್ರಿಂಟ್ ಲೆಕ್ಕ ಇಡುವ ಪೇಪರ್‌ಕಟ್‌ನಂಥ ಸಾಫ್ಟ್‌ವೇರ್ ಯಾವಾಗ ಬೇಕು?

ಬೇರೆ ಬೇರೆ ಕಂಪನಿಯ ಹಲವು ಮಷೀನ್‌ಗಳಿದ್ದಾಗ, ಜನ ನೂರರ ಲೆಕ್ಕದಲ್ಲಿದ್ದಾಗ, ಐಡಿ ಕಾರ್ಡ್ ತೋರಿಸಿದರೆ ಪ್ರಿಂಟ್ ಬರಬೇಕು ಅನ್ನುವಾಗ. ಪೇಪರ್‌ಕಟ್ ಆಸ್ಟ್ರೇಲಿಯಾದ ಮೆಲ್ಬರ್ನ್‌ನವರದ್ದು, ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಯುನಿಫ್ಲೋ ಕ್ಯಾನನ್ ಬಳಗದ್ದು. ಕಾಲೇಜುಗಳಿಗೆ ಇಂಥವು ಚೆನ್ನಾಗಿ ಒಗ್ಗುತ್ತವೆ. ಹಾಕಿದರೆ ಅಪ್‌ಡೇಟ್ ಮಾಡುತ್ತಿರಬೇಕು. 2023ರ ಏಪ್ರಿಲ್‌ನಲ್ಲಿ ಪೇಪರ್‌ಕಟ್‌ನ ಹಳೆಯ ಆವೃತ್ತಿಗಳಲ್ಲಿದ್ದ ದೋಷ ಬಳಸಿ ಸರ್ವರ್‌ಗಳ ಮೇಲೆ ದಾಳಿಗಳಾದವು. ಸರಿಪಡಿಸಿದ ಆವೃತ್ತಿ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮಂಥ ಒಂದು ಮಷೀನ್‌ನ ಆಫೀಸಿಗೆ ಇದರ ಖರ್ಚು ಬೇಕಿಲ್ಲ.

ಅಡ್ಮಿನ್ ಪಿನ್ ಮರೆತುಹೋಗಿದೆ, ಅಥವಾ ಮಷೀನ್ ಬದಲಾಗುತ್ತಿದೆ. ಕೋಡ್‌ಗಳ ಗತಿ ಏನು?

ಪಿನ್ ಮರೆತರೆ ಸರ್ವಿಸ್‌ನವರೇ ಬರಬೇಕು. ಅವರು ರೀಸೆಟ್ ಮಾಡುವಾಗ ಲೆಕ್ಕ ಅಳಿಯುತ್ತದಾ ಅಂತ ಮೊದಲೇ ಕೇಳಿ, ರೀಡಿಂಗ್ ಬರೆದುಕೊಂಡೇ ಕೈ ಹಾಕಲು ಬಿಡಿ.

ಮಷೀನ್ ಬದಲಾಗುವಾಗ ಹಳೆಯದರಿಂದ ಕೊನೆಯ ಸಿಎಸ್‌ವಿ ಇಳಿಸಿಕೊಳ್ಳಿ. ಹೊಸದರಲ್ಲೂ ಅವೇ ನಂಬರ್‌ಗಳನ್ನು ಕೊಡಿ, ಜನ ಹೊಸದಾಗಿ ಏನೂ ಕಲಿಯಬೇಕಾಗುವುದಿಲ್ಲ. ಕಂಪ್ಯೂಟರ್‌ಗಳಲ್ಲಿ ಹೊಸ ಡ್ರೈವರ್ ಹಾಕಿದ ಕೂಡಲೇ ಕೋಡ್ ಮತ್ತೆ ತುಂಬಬೇಕು, ಅದು ತಾನಾಗಿ ಬರುವುದಿಲ್ಲ. ಹಳೆಯ ಮಷೀನ್ ಗೇಟ್ ದಾಟುವ ಮೊದಲು ಅದರೊಳಗಿನ ಅಡ್ರೆಸ್ ಬುಕ್, ಉಳಿಸಿಟ್ಟ ಸ್ಕ್ಯಾನ್‌ಗಳು, ಕೋಡ್‌ಗಳು ಎಲ್ಲವನ್ನೂ ಅಳಿಸಿ ಕಳಿಸಿ. ನಮ್ಮ ಹಿಂದಿನ ಮಷೀನ್‌ನಲ್ಲಿ ಹೀಗೆ ಅಳಿಸಲು ಕೂತಾಗ ನಾಲ್ಕು ವರ್ಷದ ಸ್ಕ್ಯಾನ್‌ಗಳು ಒಳಗೇ ಇದ್ದವು. ಆ ಕೆಲಸಕ್ಕೆ ಅರ್ಧ ದಿನ ಎತ್ತಿಟ್ಟುಕೊಳ್ಳಿ.